‘ಅಷ್ಟೇ ಇದೆ’ ಎಂದಿದ್ದೆ

ದಸ್ತಗೀರ್ ನದಾಫ್ ಅವರ ನಕ್ಷೆ ತಪ್ಪಾಗಿದ್ದಕ್ಕೆ ಕಾರಣ ನಾನು. ಅವರ ಲೆಕ್ಕವಲ್ಲ, ಅವರ ಅವಸರವಲ್ಲ — ನಾನು. ಅವರು ಕೇಳಿದ ಒಂದು ಪ್ರಶ್ನೆಗೆ ಸುಳ್ಳು ಹೇಳಿದೆ. ಆ ಸುಳ್ಳು ಹೊರಬೀಳದಿರಲೆಂದು ಇನ್ನೊಂದು ಸುಳ್ಳನ್ನು ಅವರ ಕೈಗಿಟ್ಟೆ. ಅವರು ಅದನ್ನೇ ನಿಜವೆಂದು ನಂಬಿ, ಎರಡು ದೇಶಗಳ ಅಧಿಕಾರಿಗಳ ಮುಂದೆ ಎದ್ದು ನಿಂತು, ಮಾಡದ ತಪ್ಪನ್ನು ತಮ್ಮದೆಂದು ಒಪ್ಪಿಕೊಂಡರು. ನಾನು ಅದೇ ಕೋಣೆಯಲ್ಲಿ ಕೂತಿದ್ದೆ.

ಇದನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿಯಾಗಿದೆ — ಹೇಳಬೇಕಾದ ಕಚೇರಿಗಳಿಗೆ, ವಕೀಲರು ತಿದ್ದಿಕೊಟ್ಟ ಮಾತುಗಳಲ್ಲಿ. ಕನ್ನಡದಲ್ಲಿ ಹೇಳಿಲ್ಲ. ಆದರೆ ಆಕ್ಲೆಂಡಿನ ಕನ್ನಡದವರಲ್ಲಿ ಹಲವರು ಇವತ್ತಿಗೂ ದಸ್ತಗೀರ್ ಅವರನ್ನು ‘ಲೆಕ್ಕ ತಪ್ಪಿ ಊರು ಮುಳುಗಿಸಿದವರು’ ಎಂದೇ ನೆನೆಯುತ್ತಾರೆ. ಹಾಗೆ ನೆನೆಯಲು ಬಿಟ್ಟವಳೂ ನಾನೇ. ಅದಕ್ಕೇ ಇದು ನಿಮಗೆ, ನಮ್ಮ ಭಾಷೆಯಲ್ಲಿ.

ನಾನು ಮೈಸೂರಿನವಳು, ಹೆಸರು ವೀಣಾ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ ಇಲ್ಲಿಗೆ ಬಂದೆ. ಮಳೆ, ನದಿ, ನೆರೆ — ಇವುಗಳ ಲೆಕ್ಕ ಹಾಕುವ ಎಂಜಿನಿಯರಿಂಗ್ ಓದಿದ್ದೆ. ಹೆಂಡರ್ಸನ್ನಿನ ಹಳೆಯ ಮನೆಯೊಂದರಲ್ಲಿ ಒಂದು ಕೋಣೆ, ಮಾತಿಗೆ ಸಿಗದ ಇಬ್ಬರು ಫ್ಲಾಟ್‌ಮೇಟುಗಳು, ಕೈಯಲ್ಲಿ ಕೆಲಸವಿಲ್ಲ. ಒಂದು ಸಂಜೆ ರಸ್ತೆ ಮೂಲೆಯ ಡೇರಿ ಅಂಗಡಿಯಲ್ಲಿ ಹಾಲು ಆರಿಸುತ್ತ ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಫೋನ್ ಇಟ್ಟ ಕೂಡಲೆ ಹಿಂದಿನಿಂದ ಒಂದು ದನಿ ಬಂತು.

“ಯಾವೂರ ತಂಗಿ?”

ಅದು ದಸ್ತಗೀರ್ ಅವರು. ಜಮಖಂಡಿಯ ಕಡೆಯವರು, ನನಗಿಂತ ಬಹಳ ದೊಡ್ಡವರು. ಅವರದೂ ನದಿಯ ಲೆಕ್ಕದ ಕೆಲಸವೇ ಎಂದು ಗೊತ್ತಾದಾಗ ಇಬ್ಬರೂ ಅಲ್ಲೇ ನಕ್ಕುಬಿಟ್ಟೆವು. ಆವತ್ತೇ ಅವರ ಮನೆಯಲ್ಲಿ ಊಟ. ಅವರ ಹೆಂಡತಿ ಶಾಹೀನ್ ಭಾಭಿ ನರ್ಸು. ಆಗಷ್ಟೇ ಡ್ಯೂಟಿ ಮುಗಿಸಿ ಬಂದವರು, ಬಟ್ಟೆಯನ್ನೂ ಬದಲಿಸದೆ ನನಗಾಗಿ ರೊಟ್ಟಿ ಬಡಿದರು. ಆ ಮನೆಯಲ್ಲಿ ನಾನು ಊಟ ಮಾಡಿದ್ದೆಷ್ಟೋ, ಅತ್ತಿದ್ದೆಷ್ಟೋ. ದಸ್ತಗೀರಣ್ಣ ಎನ್ನುತ್ತಿದ್ದೆ. ನನಗೆ ಕಾರು ಓಡಿಸಲು ಕಲಿಸಿದವರು ಅವರು. ಈಸ್ಟ್ ತಮಾಕಿಯ ಕಂಪನಿಯೊಂದರಲ್ಲಿ ಅವರು ಹಿಂದೆ ಕೆಲಸ ಮಾಡಿದ್ದರು. ಅಲ್ಲಿಯ ಮುಖ್ಯಸ್ಥ ಗ್ರೆಗ್‌ನ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ, “ಈಕೆ ಕೆಲಸದಲ್ಲಿ ನನಗಿಂತ ಚುರುಕು” ಎಂದು ಹೇಳಿ ಕೆಲಸ ಕೊಡಿಸಿದವರೂ ಅವರೇ. ತಾವು ಮಾತ್ರ ಆ ಕಂಪನಿ ಬಿಟ್ಟು, ಮನೆಯ ಗ್ಯಾರೇಜನ್ನೇ ಆಫೀಸು ಮಾಡಿಕೊಂಡು, ಒಬ್ಬರೇ ಸಣ್ಣಪುಟ್ಟ ಕೆಲಸ ಹಿಡಿಯುತ್ತಿದ್ದರು.

ಆಮೇಲೆ ಆ ನದಿಯ ಕೆಲಸ ಬಂತು.

ನದಿಯ ಹೆಸರನ್ನಾಗಲಿ, ಅದನ್ನು ಹಂಚಿಕೊಂಡ ಎರಡು ದೇಶಗಳ ಹೆಸರನ್ನಾಗಲಿ ಬರೆಯುವುದಿಲ್ಲ. ಒಂದು ಮೇಲಿನ ದೇಶ, ಇನ್ನೊಂದು ಕೆಳಗಿನ ದೇಶ ಎಂದರೆ ಸಾಕು. ದೊಡ್ಡ ಮಳೆಗೆ ಎಲ್ಲೆಲ್ಲಿ ಎಷ್ಟು ನೀರು ನಿಲ್ಲುತ್ತದೆ, ಯಾವ ಕೇರಿ ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂದು ಅಂದಾಜು ಮಾಡಿಸುವುದು ಎರಡೂ ದೇಶಗಳಿಗೆ ಬೇಕಿತ್ತು. ಆದರೆ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಹೀಗಾಗಿ ಇಬ್ಬರೂ ದೂರದವರನ್ನು ಹುಡುಕಿದರು, ಅದೂ ಬೇರೆಬೇರೆಯಾಗಿ. ನ್ಯೂಜಿಲೆಂಡಿಗೆ ಸುತ್ತಲೂ ಸಮುದ್ರ, ನೆಲದ ಗಡಿಯೇ ಇಲ್ಲ. ಇಲ್ಲಿಯವರು ಯಾರ ಕಡೆಯೂ ವಾಲುವುದಿಲ್ಲ ಎಂದುಕೊಂಡರೋ ಏನೋ. ಮೇಲಿನ ದೇಶದ ಕೆಲಸ ನಮ್ಮ ಕಂಪನಿಗೆ ಬಂತು, ಗ್ರೆಗ್ ಅದನ್ನು ನನಗೆ ಕೊಟ್ಟ. ಗಡಿ ದಾಟಿದ ಕೂಡಲೆ ಸಿಗುವ ಊರಿನ ಕೆಲಸ — ಕೆಳಗಿನ ದೇಶದ್ದು — ದಸ್ತಗೀರಣ್ಣನ ಗ್ಯಾರೇಜಿಗೆ ಬಂತು.

“ನೋಡ ತಂಗಿ, ಒಂದ ಹೊಳಿ. ಮ್ಯಾಲಿನ ಅರ್ಧ ನಿಂದು, ಕೆಳಗಿನ ಅರ್ಧ ನಂದು,” ಎಂದು ಅವರು ಕುಶಾಲು ಮಾಡಿದ್ದರು. “ನಾ ಹುಟ್ಟಿದಾಗಿಂದ ಕೆಳಗಿನಾಂವನ. ನಮ್ಮೂರಾಗ ಮಹಾರಾಷ್ಟ್ರದವ್ರು ಏನ್ ಮಾಡ್ಯಾರ ಅಂತ ಗೊತ್ತಾಗೂದು ನೀರು ಹೊಲದಾಗ ನಿಂತ ಮ್ಯಾಲ.”

ಮೇಲಿನ ದೇಶ ಗಡಿಗಿಂತ ತುಸು ಹಿಂದೆ ಒಂದು ಹೊಸ ಕೈಗಾರಿಕಾ ಪಟ್ಟಣ ಕಟ್ಟುತ್ತಿತ್ತು. ಅದು ಇದ್ದುದು ನದಿಯ ಪಕ್ಕದ ತಗ್ಗಿನ ಬಯಲಿನಲ್ಲಿ. ಮೊದಲೆಲ್ಲ ನೆರೆ ಬಂದಾಗ ಆ ಬಯಲು ನೀರನ್ನು ಹರಡಿಕೊಂಡು, ಹಿಡಿದಿಟ್ಟುಕೊಂಡು, ನಿಧಾನವಾಗಿ ಕೆಳಕ್ಕೆ ಬಿಡುತ್ತಿತ್ತು. ಈಗ ಪಟ್ಟಣವನ್ನು ಉಳಿಸಲು ನದಿಯ ಎರಡೂ ದಂಡೆಗೆ ಎತ್ತರದ ಒಡ್ಡು ಏಳುತ್ತಿತ್ತು. ಬಯಲಿಗೆ ಹೋಗುತ್ತಿದ್ದ ನೀರು ಎಲ್ಲಿಗೆ ಹೋಗಬೇಕು? ನಾನು ಕಂಪ್ಯೂಟರಿನಲ್ಲಿ ಒಡ್ಡು ಇಟ್ಟು ನೋಡಿದೆ, ಒಡ್ಡು ತೆಗೆದು ನೋಡಿದೆ. ಒಡ್ಡು ಮುಗಿದ ಮೇಲೆ ದೊಡ್ಡ ಮಳೆ ಬಂದರೆ ಗಡಿ ದಾಟುವ ನೀರು ಮೊದಲಿಗಿಂತ ಒಂದೂವರೆ ಪಟ್ಟು. ಬರುವುದೂ ಬೇಗ.

ಗ್ರೆಗ್‌ಗೆ ತೋರಿಸಿದೆ. ಅವನು ಸುಮಾರು ಹೊತ್ತು ಪರದೆ ನೋಡಿ ಹೇಳಿದ್ದು ಇಷ್ಟೆ: “ನಮ್ಮನ್ನು ಕರೆದಿರುವವರು ಮೇಲಿನವರು, ವೀಣಾ. ನಮ್ಮ ನಕ್ಷೆ ಗಡಿಗೆ ನಿಲ್ಲುತ್ತದೆ. ಕೆಳಗಿನವರಿಗೆ ಅವರದೇ ತಜ್ಞರಿದ್ದಾರೆ.” ಸುಳ್ಳು ಹೇಳು ಎಂದು ಅವನು ಹೇಳಲಿಲ್ಲ — ಇದನ್ನು ನಾನು ಒತ್ತಿ ಬರೆಯಬೇಕು. ಯಾರೂ ಹೇಳಲಿಲ್ಲ. ಮಾಹಿತಿ ಹೊರಗೆ ಹೋಗಕೂಡದು ಎಂಬ ಕರಾರಿತ್ತು, ಅಷ್ಟೆ.

ಆ ವರ್ಷ ರಂಜಾನ್ ಹಬ್ಬ ಇಲ್ಲಿಯ ವಸಂತದಲ್ಲಿ ಬಂದಿತ್ತು. ಹಬ್ಬದ ಮರುದಿನ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಭಾಭಿ ನನಗಾಗಿ ಸುರಕುಂಬ, ಹಬ್ಬದ ಶಾವಿಗೆ ಪಾಯಸ, ಎತ್ತಿಟ್ಟಿದ್ದರು. ಹಿತ್ತಲಿನ ಜಗಲಿಯಲ್ಲಿ ಬಟ್ಟಲು ಹಿಡಿದು ಕೂತಿದ್ದಾಗ ದಸ್ತಗೀರಣ್ಣ ಪಕ್ಕದಲ್ಲಿ ಬಂದು ಕೂತರು. ಏನೋ ಕೇಳಲು ಬಂದಿದ್ದಾರೆಂದು ಅವರ ಮುಖ ನೋಡಿದಾಗಲೇ ಗೊತ್ತಾಯಿತು.

“ತಂಗಿ, ಒಂದ್ ಮಾತ್ ಕೇಳ್ಲೇನು? ಹೇಳಾಕ ಬರೂದಿಲ್ಲ ಅಂದ್ರ ಬರೂದಿಲ್ಲ ಅಂದುಬಿಡು. ನಾ ಬ್ಯಾಸರ ಮಾಡ್ಕೊಳ್ಳಾಂವಲ್ಲ.”

“ಕೇಳಿ ಅಣ್ಣ.”

“ಗಡಿ ದಾಟೂ ನೀರಿನ ಲೆಕ್ಕ ಹಳೇ ಮಳಿ ಮ್ಯಾಲ ಹಾಕೀನಿ. ಆ ಕಡೆ ಏನ್ ನಡದೈತಿ ನಮಗೇನೂ ತಿಳಿಯಂಗಿಲ್ಲ. ದೊಡ್ಡ ಮಳಿ ಬಂದ್ರ ನಂದು ಇಷ್ಟು ಬರ್ತೈತಿ.” ಅವರು ಒಂದು ಅಂಕಿ ಹೇಳಿದರು. “ನಿಮ್ದೂ ಹತ್ರಹತ್ರ ಅಷ್ಟ ಐತೇನು?”

ಅವರ ಅಂಕಿ ಒಡ್ಡಿಲ್ಲದ ಕಾಲದ್ದು. ಆ ಕಾಲಕ್ಕೆ ಸರಿಯಾದ ಅಂಕಿ.

‘ಹೇಳಕ್ಕಾಗಲ್ಲ ಅಣ್ಣ’ ಎಂದಿದ್ದರೆ ಸಾಕಿತ್ತು. ಅವರೇ ಆ ದಾರಿಯನ್ನು ತೆರೆದಿಟ್ಟಿದ್ದರು. ಅಷ್ಟು ಹೇಳಿದ್ದರೆ ಕರಾರೂ ಉಳಿಯುತ್ತಿತ್ತು, ನನ್ನ ಕೆಲಸವೂ — ಮತ್ತು ಅವರಂಥವರಿಗೆ ಆ ಮೌನವೇ ಬೇಕಾದಷ್ಟಾಗುತ್ತಿತ್ತು. ಇವಳು ಹೇಳಲಾರಳು ಎಂದರೆ ಮೇಲೆ ಏನೋ ಬದಲಾಗಿದೆ ಎಂದು ಅವರು ಊಹಿಸುತ್ತಿದ್ದರು, ಅಂಕಿ ಏರಿಸುತ್ತಿದ್ದರು. ನಾನು ಹೆದರಿದ್ದು ಅದಕ್ಕೇ. ಅವರು ಊಹಿಸಿಬಿಡುತ್ತಾರೆ, ಆಮೇಲೆ ಯಾರಿಂದ ಹೊರಬಿತ್ತು ಎಂದು ಗ್ರೆಗ್ ಕೇಳುತ್ತಾನೆ, ಇಲ್ಲಿ ಖಾಯಂ ಆಗಿ ಉಳಿಯಲು ನಾನು ಹಾಕಿಕೊಂಡ ಅರ್ಜಿ ಆ ಕೆಲಸದ ಮೇಲೆ ನಿಂತಿದೆ… ಇಷ್ಟೆಲ್ಲ ಒಂದು ಚಮಚ ಬಾಯಿಗಿಡುವಷ್ಟರಲ್ಲಿ ಯೋಚಿಸಿದೆ. ಗಾಬರಿಯಲ್ಲಿ ಬಾಯಿ ಜಾರಿತು ಎನ್ನುವ ಹಾಗಿಲ್ಲ. ಯೋಚಿಸಿಯೇ ಹೇಳಿದೆ.

“ಹೂಂ ಅಣ್ಣ, ಅಷ್ಟೇ ಇದೆ. ನೀವು ಸರಿಯಾಗೇ ಹಿಡ್ದಿದ್ದೀರ.”

ಅವರ ಭುಜ ಇಳಿದದ್ದು ಕಂಡೆ. ಎಷ್ಟೋ ದಿನದ ಭಾರ ಕೆಳಗಿಟ್ಟ ಹಾಗೆ. “ಶುಕರ್ ಐತಿ,” ಎಂದರು. “ಜೀವಕ್ಕ ಸಮಾಧಾನಾತು ನೋಡು.” ಒಳಗೆ ಹೋಗುತ್ತ, “ಇನ್ನೊಂದ್ ಬಟ್ಟಲ ಹಾಕ್ ಅಕಿಗೆ,” ಎಂದು ಭಾಭಿಗೆ ಕೂಗಿ ಹೇಳಿದರು. ನಾನು ಬೇಡವೆನ್ನಲಿಲ್ಲ. ಹಾಕಿಸಿಕೊಂಡು ತಿಂದೆ.

ಅವರ ನಕ್ಷೆ ಮುಗಿಯಿತು. ಆ ಊರಿನ ಶಾಲೆ ತುಸು ಎತ್ತರದ ನೆಲದಲ್ಲಿತ್ತು. ನಕ್ಷೆಯ ಪ್ರಕಾರ ಎಂಥ ನೆರೆಗೂ ಅಲ್ಲಿಗೆ ನೀರು ಬರುವಂತಿರಲಿಲ್ಲ. ನೆರೆ ಬಂದರೆ ಜನರು ಅಲ್ಲಿಗೆ ಹೋಗಬೇಕೆಂದು ಊರಿನಲ್ಲಿ ಬೋರ್ಡು ಹಾಕಿದರು. ಒಂದು ಮಳೆಗಾಲ ಸಾಧಾರಣವಾಗಿ ಕಳೆಯಿತು. ನಾನು ಆ ವರ್ಷವೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ — ಅಂಥ ಮಳೆ ಜೀವಮಾನದಲ್ಲಿ ಒಮ್ಮೆ ಬರುವುದು, ಬರದೆಯೂ ಇರಬಹುದು. ನನ್ನ ಖಾಯಂ ವೀಸಾ ಬಂತು. ಭಾಭಿ ಆವತ್ತು ನನಗೆ ಹೊಸ ಸೀರೆ ಉಡಿಸಿ ಫೋಟೋ ತೆಗೆದರು. ಅಷ್ಟರಲ್ಲಿ ಮೇಲೆ ಒಡ್ಡು ಪೂರ್ತಿಯಾಗಿತ್ತು.

ಎರಡನೆಯ ಮಳೆಗಾಲದಲ್ಲಿ ಆ ಮಳೆ ಬಂತು.

ಜನರು ಬೋರ್ಡು ಹೇಳಿದ ಹಾಗೆಯೇ ಮಾಡಿದರು. ಎಲ್ಲರೂ ಶಾಲೆಗೆ ಹೋದರು. ಮಹಡಿ ಹತ್ತಲು ಕಷ್ಟವೆಂದು ಮುದುಕರನ್ನೂ ಎಳೆಮಕ್ಕಳ ತಾಯಂದಿರನ್ನೂ ಕೆಳಗಿನ ಕೋಣೆಗಳಲ್ಲಿ ಮಲಗಿಸಿದ್ದರು. ಒಳ್ಳೆಯ ಮನಸ್ಸಿನಿಂದ ಹಾಗೆ ಮಾಡಿದ್ದರು. ನೀರು ಆ ಕೋಣೆಗಳಿಗೇ ಮೊದಲು ನುಗ್ಗಿತು. ಸತ್ತವರು ಎಷ್ಟು ಜನ ಎಂದು ಇಲ್ಲಿ ಬರೆಯುವುದಿಲ್ಲ. ಅವರನ್ನು ಮತ್ತೊಮ್ಮೆ ಅಂಕಿ ಮಾಡುವ ಹಕ್ಕು ನನಗಿಲ್ಲ.

ದಸ್ತಗೀರಣ್ಣ ಸುದ್ದಿ ಕೇಳಿದ ವಾರದಲ್ಲೇ ವಿಮಾನ ಹತ್ತಿ ಅಲ್ಲಿಗೆ ಹೋದರು. ಯಾರೂ ಕರೆದಿರಲಿಲ್ಲ. ಆ ಶಾಲೆಯ ಮುಖ್ಯೋಪಾಧ್ಯಾಯಿನಿಯ ಜೊತೆ ಕೋಣೆ ಕೋಣೆ ನೋಡಿ ಬಂದರಂತೆ, ಗೋಡೆಯ ಮೇಲೆ ನೀರು ನಿಂತ ಗುರುತನ್ನು ಅಳೆದು ಬಂದರಂತೆ. ವಾಪಸು ಬಂದವರು ನನಗೆ ಫೋನ್ ಮಾಡಿದರು.

“ಎಲ್ಲಿ ತಪ್ಪೀನಿ ಅಂತ ತಿಳೀವಲ್ದು ತಂಗಿ. ಎಲ್ಲಾ ಮತ್ತ ಮತ್ತ ನೋಡೀನಿ. ನೀ ಒಮ್ಮೆ ಬಂದು ನೋಡ್ತೀಯೇನು? ನಿನ್ನ ಕಣ್ಣಿಗೆ ಬಿದ್ರೂ ಬೀಳ್ಬಹುದು.”

ನಾನು ಹೋದೆ. ವಾರವಾರ ಹೋದೆ. ಆ ಗ್ಯಾರೇಜಿನಲ್ಲಿ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಇಲ್ಲದ ತಪ್ಪನ್ನು ಹುಡುಕುವವಳ ಹಾಗೆ ನಟಿಸಿದೆ. ಅವರು ತೆಳ್ಳಗಾಗುತ್ತಿದ್ದರು. ಒಂದು ತಪ್ಪು ಸಿಕ್ಕಿದರೆ ಇವರು ಹುಡುಕುವುದನ್ನು ನಿಲ್ಲಿಸುತ್ತಾರೆ ಎಂದು ನನಗನ್ನಿಸಿತು — ಅಲ್ಲ, ಮತ್ತೆ ಬಣ್ಣ ಹಚ್ಚುತ್ತಿದ್ದೇನೆ. ಒಂದು ತಪ್ಪು ಸಿಕ್ಕಿದರೆ ಗಡಿ ದಾಟಿದ ನೀರಿನ ಕಡೆಗೆ ಇವರು ತಿರುಗುವುದಿಲ್ಲ ಎಂದು ಅನ್ನಿಸಿತು. ಅದೇ ನಿಜ.

ನದಿಯ ತಳದಲ್ಲಿ ಕಲ್ಲು, ಹೊಂಡ, ಗಿಡಗಂಟಿ ಇರುತ್ತವೆ. ಅವು ನೀರನ್ನು ತಡೆದಷ್ಟೂ ಮಟ್ಟ ಏರುತ್ತದೆ. ಎಷ್ಟು ತಡೆಯುತ್ತವೆ ಎಂಬುದನ್ನು ಎಂಜಿನಿಯರು ನೋಡಿ, ಅಂದಾಜಿನಿಂದ ಹಿಡಿಯಬೇಕು. ಹತ್ತು ಜನ ಹಿಡಿದರೆ ಹತ್ತು ಬಗೆ. ಒಂದು ಭಾನುವಾರ ನಾನು ಅದರ ಮೇಲೆ ಬೆರಳಿಟ್ಟೆ. “ಅಣ್ಣ, ನದಿ ತಳದ ಒರಟು ನೀವು ಸ್ವಲ್ಪ ಕಡಿಮೆ ಹಿಡ್ದಿದ್ದೀರೇನೋ ಅನ್ಸುತ್ತೆ.”

ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಇರಬೇಕು,” ಎಂದರು. “ಇದ ಇರಬೇಕು. ಇದು ಬಿಟ್ರ ಬ್ಯಾರೆ ಏನೈತಿ?”

ಬೇರೆ ಏನಿದೆ ಎಂದು ನನಗೆ ಗೊತ್ತಿತ್ತು. ಅವರ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಮಾಡಿದೆ. ಆ ಕೈಯನ್ನು ನೆನೆದರೆ ಈಗಲೂ…

ನೆರೆಯ ವಿಚಾರಣೆಯ ಸಭೆ ನಡೆದದ್ದು ಆಕ್ಲೆಂಡಿನ ಒಂದು ಹೋಟೆಲಿನಲ್ಲಿ. ಒಬ್ಬರ ನೆಲದಲ್ಲಿ ಇನ್ನೊಬ್ಬರು ಕೂರಲು ಎರಡೂ ದೇಶದವರು ಒಪ್ಪಿರಲಿಲ್ಲ. ಉದ್ದನೆಯ ಮೇಜಿನ ಆ ಕಡೆ ಅವರು, ಈ ಕಡೆ ಇವರು. ನಾನು ಗ್ರೆಗ್‌ನ ಹಿಂದಿನ ಸಾಲಿನಲ್ಲಿದ್ದೆ. ಮೇಲಿನ ದೇಶದವರು ತಮ್ಮ ಕಡೆ ಏನೂ ಬದಲಾಗಿಲ್ಲ ಎಂಬಂತೆ ಮಾತಾಡಿದರು. ಒಡ್ಡಿನ ಮಾತೇ ಬರಲಿಲ್ಲ. ಆಮೇಲೆ ದಸ್ತಗೀರಣ್ಣನ ಸರದಿ. ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು. ಎದ್ದು ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: “ನದಿಯ ತಳದ ಅಂದಾಜಿನಲ್ಲಿ ನಾನು ತಪ್ಪಿದೆ. ಬೇರೆ ಯಾರದೂ ತಪ್ಪಿಲ್ಲ. ಆ ಶಾಲೆಗೆ ನೀರು ಬರುವುದಿಲ್ಲ ಎಂದು ಹೇಳಿದವನು ನಾನು.”

ಕೆಳಗಿನ ದೇಶದ ಅಧಿಕಾರಿಯೊಬ್ಬರು ಕೇಳಿದರು: “ಗಡಿ ದಾಟುವ ನೀರಿನ ಅಂಕಿಯನ್ನು ಮೇಲಿನ ಕಡೆಯ ಯಾರ ಹತ್ತಿರವಾದರೂ ಹೋಲಿಸಿ ನೋಡಿದಿರಾ?”

ದಸ್ತಗೀರಣ್ಣ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ಮೇಜಿನ ಮೇಲೆ ಕಣ್ಣಿಟ್ಟಿದ್ದರು. “ಇಲ್ಲ,” ಎಂದರು. “ಯಾರನ್ನೂ ಕೇಳಲಿಲ್ಲ.”

ಕರಾರು ಮೀರಿ ಅಂಕಿ ಹೇಳಿ ನಾನು ಅವರಿಗೆ ಉಪಕಾರ ಮಾಡಿದ್ದೇನೆ, ಅದಕ್ಕಾಗಿ ನನ್ನ ಕೆಲಸ ಹೋಗಬಾರದು — ಅವರು ಹಾಗೆಂದುಕೊಂಡೇ ಆ ಸುಳ್ಳು ಹೇಳಿದರು. ಅವರ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು, ಅದೂ ನನ್ನನ್ನು ಉಳಿಸಲು. ನನಗೆ ಎದ್ದು ನಿಲ್ಲಲು ಸಮಯವಿತ್ತು. ಅಧಿಕಾರಿ ಅದನ್ನು ಬರೆದುಕೊಳ್ಳುತ್ತಿದ್ದರು. ನಾನು ನೀರಿನ ಲೋಟ ಎತ್ತಿ ಕುಡಿದೆ.

ಅದಾದ ಮೇಲೆ ಅವರಿಗೆ ಯಾರೂ ಕೆಲಸ ಕೊಡಲಿಲ್ಲ. ಕೊಟ್ಟರೂ ಅವರು ಮಾಡುತ್ತಿರಲಿಲ್ಲ. ಭಾಭಿಗೆ ಟೌರಂಗಾ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಮನೆ ಖಾಲಿ ಮಾಡಿ ಹೋದರು. ಅಲ್ಲಿ ದಸ್ತಗೀರಣ್ಣ ಕಿವಿಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದರು. ಆ ವರ್ಷದ ರಾಜ್ಯೋತ್ಸವಕ್ಕೆ ನಾವೆಲ್ಲ ಹೆಂಡರ್ಸನ್ನಿನ ಹಾಲ್‌ನಲ್ಲಿ ಸೇರಿದ್ದೆವು. ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಬೆಂಗಳೂರಿನ ಒಬ್ಬರು ತಿರುಗಿ ಕೇಳಿದರು: “ಆ ನದಾಫ್ ಅಂಕಲ್‌ದು ಏನೋ ಕ್ಯಾಲ್ಕ್ಯುಲೇಶನ್ ಮಿಸ್ಟೇಕ್ ಅಂತಲ್ಲ ಪಾಪ, ಅಷ್ಟು ಜನ ಹೋಗ್ಬಿಟ್ರಂತೆ. ನೀವೂ ಅದೇ ಫೀಲ್ಡಲ್ವಾ, ಹೌದಾ ಅದು?”

“ಹೌದಂತೆ,” ಎಂದೆ. ತಟ್ಟೆ ಮುಂದೆ ಹಿಡಿದೆ.

ವರ್ಷಗಳು ಹೋದವು. ನಾನು ಕಂಪನಿಯಲ್ಲಿ ಮೇಲೇರಿದೆ. ಗಡಿ ನದಿಗಳ ವಿಷಯದಲ್ಲಿ ಬಲ್ಲವಳು ಎಂದು ನಾಲ್ಕು ಜನ ಕೇಳುವ ಹಾಗಾದೆ — ಇದನ್ನು ಬರೆಯುವಾಗ ಬೆರಳು ಹಿಂಜರಿಯುತ್ತದೆ. ಟೌರಂಗಾಕ್ಕೆ ಹೋಗುವುದನ್ನು ಏನೇನೋ ಹೇಳಿ ಮುಂದೂಡುತ್ತಿದ್ದೆ. ಹಬ್ಬಕ್ಕೆ ಫೋನ್, ಅಷ್ಟೆ.

ನೆರೆ ಬಂದು ಹತ್ತು ವರ್ಷವಾಗುತ್ತ ಬಂದಿತ್ತು. ಒಂದು ಚಳಿಗಾಲ ಭಾಭಿಯೇ ಫೋನ್ ಮಾಡಿದರು. ನಮ್ಮ ಚಳಿಗಾಲ ಆ ನದಿಗೆ ಮಳೆಗಾಲ. “ಮಳಿ ದಿನ ಬಂದ್ರ ಇವರು ನಮ್ಮ ಕೈಗೆ ಸಿಗೂದಿಲ್ಲ ವೀಣಾ. ಉಣ್ಣೂದಿಲ್ಲ. ಶೆಡ್ಡಿನಿಂದ ಬಂದವ್ರ ಕಂಪ್ಯೂಟರ್ ಮುಂದ ಕುಂದ್ರತಾರ. ಆ ಊರಿನ ಹೆಡ್ ಮೇಡಂಗ ಫೋನ್ ಮಾಡಿ ನೀರು ಎಷ್ಟ್ ಬಂದೈತಿ ಕೇಳ್ತಾರ. ನಿನ್ನ ಮಾತಂದ್ರ ಕೇಳ್ತಾರ. ಬಂದು ಒಂದೀಟ ಹೇಳು.”

ಹೋದೆ. ದಾರಿಯುದ್ದಕ್ಕೂ ‘ಇವತ್ತು ನಿಜ ಹೇಳಬೇಕು’ ಎಂದುಕೊಂಡು ಹೋಗಲಿಲ್ಲ. ಸಮಾಧಾನ ಹೇಳಿ ಬಂದರಾಯಿತು ಎಂದೇ ಹೋದೆ. ನನಗೆ ಅಷ್ಟೂ ಒಳ್ಳೆಯ ಹೆಸರು ಸಲ್ಲದು.

ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. “ಬಾ ತಂಗಿ,” ಎಂದು ನೇರವಾಗಿ ಅಡುಗೆಮನೆಯ ಮೂಲೆಗೆ ಕರೆದೊಯ್ದರು. ಅಲ್ಲೊಂದು ಹಳೆಯ ಕಂಪ್ಯೂಟರ್. ಪರದೆಯ ಮೇಲೆ ಅದೇ ಊರು, ಅದೇ ಶಾಲೆ.

“ನೀ ಆವತ್ತು ಹೇಳಿದ್ದಿಯಲ್ಲ, ತಳದ ಒರಟು? ಅದನ್ನ ಹಿಡಕೊಂಡು ಇಷ್ಟ್ ವರ್ಷ ನೋಡಾಕತ್ತೀನಿ. ಎಷ್ಟ್ ಒರಟು ಹಿಡದ್ರೂ ಆ ಗ್ವಾಡಿ ಮ್ಯಾಲಿನ ಗುರುತಿನ ತನಕ ನೀರು ಏರೂದಿಲ್ಲ ತಂಗಿ. ಕಲ್ಲಿನ ಗುಡ್ಡಾನ ತಂದು ಹೊಳ್ಯಾಗ ಇಟ್ರೂ ಏರೂದಿಲ್ಲ. ಏನೋ ಬ್ಯಾರೆ ಐತಿ. ನನಗ ಅದು ಗೊತ್ತಾಗದ ನಾ ಸಾಯಬಾರ್ದು.”

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ಒಡ್ಡು, ಒಂದೂವರೆ ಪಟ್ಟು, ಹಬ್ಬದ ಮರುದಿನ ನಾನು ಹೇಳಿದ ಮಾತು, ಆಮೇಲೆ ಬೇಕೆಂದೇ ತೋರಿಸಿದ ಇಲ್ಲದ ತಪ್ಪು — ಎಲ್ಲ. ಭಾಭಿ ಒಲೆ ಆರಿಸಿ ನಮ್ಮ ಕಡೆ ತಿರುಗಿದ್ದರು.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು, ಮಗುವಿನ ಹಾಗೆ, ಒಂದೊಂದೇ ಮಾತು ಕೇಳಿದರು.

“ಅಂದ್ರ… ನಂದು ಲೆಕ್ಕ ತಪ್ಪಿರ್ಲಿಲ್ಲೇನು?”

“ಇಲ್ಲ ಅಣ್ಣ.”

“ನಾ ಕೊಂದಿದ್ದಿಲ್ಲೇನು ಅವರನ್ನ?”

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಎದ್ದು ಹಿತ್ತಲಿಗೆ ಹೋದರು. ಬೇಲಿಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. 

ಭಾಭಿ ನನ್ನ ಹತ್ತಿರ ಬರಲಿಲ್ಲ. “ನಿದ್ದಿಯೊಳಗ ಅಳ್ತಾರ ಅವರು,” ಎಂದರು. “ಇಷ್ಟ್ ವರ್ಷಾತು. ನೀ ಹಬ್ಬಕ್ಕ ಫೋನ್ ಮಾಡಿ, ಅಣ್ಣ ಹೆಂಗದಾರ ಅಂತ ಕೇಳ್ತಿದ್ದಿ.”  

ಇದಾದ ಮೇಲೆ ನಾನು ಏನೇನು ಮಾಡಿದೆ ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಕೊನೆಗೆ ಇಟ್ಟರೆ ನನ್ನ ದೊಡ್ಡಸ್ತಿಕೆಯಾಗಿಬಿಡುತ್ತದೆ. ಆಕ್ಲೆಂಡಿಗೆ ಬಂದು ಕೆಲಸ ಬಿಟ್ಟೆ. ಎರಡೂ ದೇಶಗಳ ಕಚೇರಿಗಳಿಗೆ ಒಡ್ಡಿನ ವಿಷಯ, ನಿಜವಾದ ಅಂಕಿ, ನನ್ನ ಸುಳ್ಳು, ದಸ್ತಗೀರ್ ನದಾಫ್ ಅವರ ನಿರಪರಾಧಿತ್ವ — ಎಲ್ಲ ತಿಳಿಸಿದೆ. ಮೇಲಿನ ದೇಶ ಕರಾರು ಮುರಿದಳೆಂದು ನನ್ನ ಮೇಲೆ ಕ್ರಮಕ್ಕೆ ಹೊರಟಿದೆ; ಹೊರಡಲಿ. ಒಡ್ಡಿನ ಬಗ್ಗೆ ಎರಡೂ ಕಡೆಯವರು ಮಾತಿಗೆ ಕೂತಿದ್ದಾರೆಂದು ಕೇಳಿದ್ದೇನೆ. ಅದರಿಂದ ಸತ್ತವರಿಗೆ ಏನೂ ಇಲ್ಲ. ದಸ್ತಗೀರ್ ಅವರ ಕಳೆದುಹೋದ ವರ್ಷಗಳಿಗೂ ಏನೂ ಇಲ್ಲ. ಇನ್ನು ಉಳಿದದ್ದು ಆ ಸಂಜೆಯ ಒಂದೇ ಸಂಗತಿ.

ಹಿತ್ತಲಿನಿಂದ ಒಳಗೆ ಬಂದಾಗ ಅವರ ಮುಖ ತೊಳೆದ ಹಾಗಿತ್ತು. ನನ್ನ ಕಣ್ಣು ನೋಡದೆ ಹೇಳಿದರು:

“ವೀಣಾ ಅವರ, ನನ್ ಮುಂದ ಹೇಳಿದ್ರಿ, ನಿಮಗ ಹಗುರ ಆಗಿರಬೇಕು. ನಾ ಕ್ಷಮಾ ಮಾಡೂದು ಬಿಡೂದು ಆಮ್ಯಾಲಿನ ಮಾತು. ಆ ಮಂದಿಗೆ ಯಾರು ಹೇಳ್ತಾರ? ಅವರು ಇವತ್ತಿಗೂ ನಮ್ಮ ಹಣೇಬರಹ ಅಂತ ಕುಂತಾರ.”

ತಂಗಿ ಎನ್ನಲಿಲ್ಲ. ನೀನು ಎನ್ನಲಿಲ್ಲ. ಆ ‘ಅವರ’ ಎಂಬ ಗೌರವ ಕೆನ್ನೆಗೆ ಬಿದ್ದಂತಾಯಿತು.

“ಅಲ್ಲಿ ಈಗ ಇನ್ನೂ ಹೊತ್ತು ಮುಳುಗಿಲ್ಲ,” ಎಂದು ಫೋನ್ ಎತ್ತಿ ತಾವೇ ನಂಬರು ಒತ್ತಿದರು. ಆ ಕಡೆ ಮುಖ್ಯೋಪಾಧ್ಯಾಯಿನಿ. ಇಂಗ್ಲಿಷಿನಲ್ಲಿ ಅವರ ಆರೋಗ್ಯ ಕೇಳಿದರು, ನೀರಿನ ಮಟ್ಟ ಕೇಳಿದರು. ಆಮೇಲೆ, “ಮೇಲಿನ ದೇಶದ ಲೆಕ್ಕ ಮಾಡಿದವರು ಇಲ್ಲಿದ್ದಾರೆ, ನಿಮ್ಮ ಹತ್ತಿರ ಮಾತಾಡಬೇಕಂತೆ,” ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.

ನಾನು ಮೊದಲು ಒಡ್ಡಿನಿಂದ ಶುರುಮಾಡಿದೆ, ಕರಾರಿನಿಂದ, ಎರಡು ದೇಶಗಳ ನಡುವಿನ ವ್ಯವಸ್ಥೆಯಿಂದ. ನನ್ನ ದನಿ ನನಗೇ ಸಭೆಯ ದನಿಯ ಹಾಗೆ ಕೇಳಿಸಿತು. ನಿಲ್ಲಿಸಿದೆ. ಎದುರಿಗೆ ದಸ್ತಗೀರ್ ಅವರು ಕೈಕಟ್ಟಿ ನಿಂತಿದ್ದರು. ಮತ್ತೆ ಶುರುಮಾಡಿ, ನಿಮ್ಮ ಶಾಲೆಗೆ ನೀರು ಬರುತ್ತದೆಂದು ನನಗೆ ಗೊತ್ತಿತ್ತು, ಇವರು ಕೇಳಿದಾಗ ನಾನು ಸುಳ್ಳು ಹೇಳಿದೆ, ಎಂದೆ.

ಆ ಕಡೆ ಮಳೆಯ ಸದ್ದು ಕೇಳುತ್ತಿತ್ತು. ಆಕೆ ತಡವರಿಸುವ ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ ಕೇಳಿದರು: “ನೀವು ಹೇಳಿದ್ದರೆ ನಮಗೆ ಎಷ್ಟು ಗಂಟೆ ಮುಂಚೆ ತಿಳಿಯುತ್ತಿತ್ತು?”

ನೆರೆ ಬಂದ ದಿನ ಬೆಳಿಗ್ಗೆ ಯಾವುದೋ ಎಚ್ಚರಿಕೆ ತಡವಾಯಿತು, ನಾನು ಹೇಳುತ್ತಿರುವುದು ಅದನ್ನು ಎಂದು ಆಕೆ ತಿಳಿದಿದ್ದರು. ಅದಕ್ಕಿಂತ ದೊಡ್ಡದನ್ನು ಊಹಿಸಿರಲಿಲ್ಲ. ಒಂದು ಕ್ಷಣ — ಒಂದೇ ಕ್ಷಣ — ಅವರನ್ನು ಹಾಗೆಯೇ ಬಿಟ್ಟುಬಿಡಬಹುದು ಎಂದು ನನಗೆ ಅನ್ನಿಸಿತು. ಅಷ್ಟಾದ ಮೇಲೂ ಅನ್ನಿಸಿತು.

“ಗಂಟೆಗಳಲ್ಲ,” ಎಂದೆ. “ಅದಕ್ಕೆ ಹಿಂದಿನ ವರ್ಷದ ಮಳೆಗಾಲಕ್ಕೂ ಮುಂಚೆಯೇ ನನಗೆ ಗೊತ್ತಿತ್ತು.”

ಆಕೆ ಆ ಮಾತನ್ನು ಪಕ್ಕದಲ್ಲಿದ್ದ ಯಾರಿಗೋ ತಮ್ಮ ಭಾಷೆಯಲ್ಲಿ ಹೇಳಿದರು. ಅಲ್ಲಿದ್ದವರು ಏನೋ ಕೇಳಿದರು, ಆಕೆ ಮತ್ತೆ ಹೇಳಿದರು. ಆಮೇಲೆ ನನಗೆ ಹೇಳಿದರು:

“ಆ ವರ್ಷ ನಾವು ಗುಡ್ಡದ ಮೇಲೆ ಹೊಸ ಶಾಲೆಗೆ ಜಾಗ ನೋಡಿದ್ದೆವು. ಊರಿನವರು ಕಲ್ಲು ಹೊತ್ತು ಕೊಡುತ್ತೇವೆ ಎಂದಿದ್ದರು. ನಕ್ಷೆ ಬಂದ ಮೇಲೆ, ಈಗಿರುವುದೇ ಸಾಕು ಎಂದು ಬಿಟ್ಟೆವು.”

ಅದರಲ್ಲಿ ಬೈಗುಳವಿರಲಿಲ್ಲ. ನಾನು ಅವರ ಇಡೀ ಮಾತನ್ನು ತಿಳಿದುಕೊಂಡೆನೋ ಇಲ್ಲವೋ ಎಂದು ಕಾಯುವವರ ಹಾಗೆ ಆಕೆ ಸುಮ್ಮನಾದರು.  ಫೋನನ್ನು ಅವರೇ ಇಡಲಿ ಎಂದು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.